ಹರಕೆ ಸ್ವಲ್ಪ ಬದಲಾಯಿಸು ಅವ್ವ

ಮ್ಯಾಂಚೆಸ್ಟರ್, ಭಾನುವಾರ

ಅವ್ವನಿಗೆ ನಮಸ್ಕಾರ.

ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪಾಜಿ ಮಂಡಿನೋವು ಹೇಗಿದೆ? ಫೋನಲ್ಲಿ ನೀನು ಅಳೋಕೆ ಶುರು ಮಾಡಿದರೆ ಹೇಳಬೇಕಾದ್ದೆಲ್ಲ ನನಗೆ ಮರೆತೇ ಹೋಗುತ್ತೆ. ಅದಕ್ಕೇ ಬರೆಯುತ್ತಿದ್ದೇನೆ. ತಮ್ಮನ ಕೈಲಿ ಓದಿಸಿಕೋ.

ನಾನೀಗ 28 ವಾರದ ಬಸುರಿ. ಮೊನ್ನೆ ದೊಡ್ಡ ಡಾಕ್ಟರು, ಮೈಸೂರಿನಲ್ಲಿ ಗರ್ಭಕೋಶದ ಗಡ್ಡೆ ತೆಗೆಸಿದ ಆಪರೇಷನ್ ಬಗ್ಗೆ ಕೇಳಿದರು. ಗಡ್ಡೆ ಎಷ್ಟಿದ್ದವು, ಎಲ್ಲಿದ್ದವು, ಎಷ್ಟು ಆಳದಿಂದ ತೆಗೆದರು, ಗರ್ಭಕೋಶದ ಒಳಗಿನವರೆಗೂ ಕೊಯ್ದಿದ್ದರಾ ಅಂತ. ನನಗೇನು ಗೊತ್ತು! ಅವತ್ತು ಆಸ್ಪತ್ರೆಯವರು ಗಡ್ಡೆಗಳನ್ನ ಟ್ರೇಯಲ್ಲಿ ತಂದು ತೋರಿಸಿದಾಗ ‘ಒಂದು ಬೇಲದ ಹಣ್ಣಿನಷ್ಟು, ಎರಡು ನಿಂಬೆಹಣ್ಣಿನಷ್ಟು’ ಅಂದಿದ್ದೆಯಲ್ಲ, ಅದನ್ನೇ ಕೈಯಲ್ಲಿ ಅಳತೆ ತೋರಿಸಿ ಹೇಳಿದೆ. ಅವರಿಗೆ ಬೇಲದ ಹಣ್ಣು ಅರ್ಥ ಮಾಡಿಸೋದೇ ಕಷ್ಟವಾಯಿತು.

ವಿಷಯ ಏನಂದ್ರೆ, ಗಡ್ಡೆ ಕಿತ್ತ ಜಾಗದಲ್ಲಿ ಹೊಲಿಗೆ ಇದೆ. ಅಪ್ಪಾಜಿಗೆ ಹೀಗೆ ಹೇಳು: ಒಮ್ಮೆ ಒಡೆದು ಮುಚ್ಚಿದ ನಾಲೆ ಏರಿ ಬೇಸಿಗೆಯಲ್ಲಿ ಗಟ್ಟಿಯಾಗೇ ಕಾಣುತ್ತೆ. ತುಂಬ ನೀರು ಬಿಟ್ಟಾಗಲೇ ಭಯ. ಹೆರಿಗೆ ನೋವು ಬಂದರೆ ಆ ಹೊಲಿಗೆ ಬಿರಿಯಬಹುದು. ಹಾಗಾಗೋದು ಅಪರೂಪ, ನೂರಕ್ಕೆ ಒಬ್ಬರಿಗೂ ಆಗಲ್ಲ. ಆದರೆ ಆಯಿತು ಅಂದರೆ ತಾಯಿಗೂ ಮಗುವಿಗೂ ಅಪಾಯ. ಅದಕ್ಕೇ ನೋವು ಬರೋದಕ್ಕೆ ಮುಂಚೆ, 37 ವಾರದ ಹೊತ್ತಿಗೆ, ಸಿಸೇರಿಯನ್ ಮಾಡುತ್ತಾರಂತೆ. ರಕ್ತವನ್ನೂ ಹೊಂದಿಸಿ ಇಟ್ಟಿರುತ್ತಾರೆ. ಹಳೆ ಆಪರೇಷನ್ನಿನಿಂದ ಒಳಗೆ ಅಲ್ಲಲ್ಲಿ ಅಂಟಿಕೊಂಡಿದ್ದರೆ ಜಾಸ್ತಿ ರಕ್ತ ಹೋಗಬಹುದು. ಮಾಸು ಆ ಗಾಯದ ಮೇಲೆ ಬೇರೂರಿದೆಯಾ ಅಂತ ಸ್ಕ್ಯಾನ್ ಮಾಡಿ ನೋಡಿದರು. ಇಲ್ಲ, ಮೇಲ್ಗಡೆ ಸರಿಯಾಗೇ ಇದೆ. ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು.

ನಿಮಿಷಾಂಬೆಗೆ ನಾರ್ಮಲ್ ಹೆರಿಗೆ ಆಗಲಿ ಅಂತ ಹರಕೆ ಹೊತ್ತಿದ್ದೀಯಂತೆ, ತಮ್ಮ ಹೇಳಿದ. ದೇವರ ಹತ್ತಿರ ಜಗಳ ಬೇಡ, ಸುಮ್ನೆ ‘ಇಬ್ಬರೂ ಕ್ಷೇಮವಾಗಿರಲಿ’ ಅಂತ ಬದಲಾಯಿಸು. ‘ಆಪರೇಷನ್ನೇ ಮಾಡಿಸಬಾರದಿತ್ತು’ ಅಂತ ಚಿಕ್ಕಮ್ಮ ಗೊಣಗಿದರೆ ನೀನು ತಲೆ ಕೆಡಿಸಿಕೊಳ್ಳಬೇಡ. ಆಗ ಆ ಗಡ್ಡೆಗಳಿಂದ ನನ್ನ ರಕ್ತ (ಹಿಮೋಗ್ಲೋಬಿನ್) 7ಕ್ಕೆ ಇಳಿದಿತ್ತು, ಮೆಟ್ಟಿಲು ಹತ್ತೋಕೂ ಆಗ್ತಿರಲಿಲ್ಲ. ನೀನೇ ಅಲ್ವಾ ಕೈ ಹಿಡಿದು ಹತ್ತಿಸಿದ್ದು?

ಜೋರಾಗಿ ಹೊಟ್ಟೆನೋವು ಬಂದರೂ, ರಕ್ತ ಕಂಡರೂ, ಮಗು ಒದೆಯೋದು ಕಡಿಮೆಯಾದರೂ ತಡಮಾಡದೆ ಬರಬೇಕು ಅಂದಿದ್ದಾರೆ. ನಿಮ್ಮ ಅಳಿಯ ಆಸ್ಪತ್ರೆ ನಂಬರನ್ನು ಫ್ರಿಜ್ ಮೇಲೆ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದಾರೆ.

ಈಗ ನಿನ್ನ ಕೆಲಸ. ನನ್ನ ಹತ್ತಿರ ಇರೋ ಡಿಸ್ಚಾರ್ಜ್ ಚೀಟಿಯಲ್ಲಿ ‘ಮೂರು ಗಡ್ಡೆ ತೆಗೆಯಲಾಗಿದೆ’ ಅಂತಷ್ಟೇ ಇದೆ. ಪೂರ್ತಿ ಫೈಲ್ ಬೀರುವಿನಲ್ಲಿ, ನನ್ನ ಮಾರ್ಕ್ಸ್ ಕಾರ್ಡ್ ಕೆಳಗೆ, ಸೀರೆ ಅಂಗಡಿಯ ಹಳದಿ ಕವರಿನಲ್ಲಿದೆ. ಡಾಕ್ಟರು ಕೈಯಲ್ಲಿ ಗರ್ಭಕೋಶದ ಚಿತ್ರ ಬಿಡಿಸಿ ಗುರುತು ಹಾಕಿದ ಹಾಳೆಯೇ ಮುಖ್ಯ. ತಮ್ಮ ಎಲ್ಲಾ ಪುಟದ ಫೋಟೊ ಕಳಿಸಲಿ.

ಮತ್ತೆ ಟಿಕೆಟ್. ಒಂಬತ್ತು ತಿಂಗಳು ತುಂಬಲಿ ಅಂತ ಕಾಯಬೇಡ. 35ನೇ ವಾರಕ್ಕೇ ಬಾ. ರಾಗಿಹಿಟ್ಟು ಇಲ್ಲೇ ಸಿಗುತ್ತೆ, ಹೊರಬೇಡ. ನಿನ್ನ ಹಳೇ ಹತ್ತಿ ಸೀರೆ ಎರಡು ತಗೊಂಡು ಬಾ, ಮಗುವಿಗೆ ಸುತ್ತೋಕೆ.

ನಿನ್ನ ಮಗಳು