ಸಂಬಳದಲ್ಲಿ ಹಿಡಿದ ಪಿಎಫ್ ಕಂಪನಿಯ ದುಡ್ಡಲ್ಲ

ಮಾನ್ಯರೇ,

ಹೋದ ವರ್ಷ ನಾನು ಕೆಲಸ ಬಿಟ್ಟೆ. ಎರಡು ತಿಂಗಳ ಸಂಬಳ ಬಾಕಿ ಇದೆ ಅನ್ನುವುದು ಗೊತ್ತೇ ಇತ್ತು. ಪಿಎಫ್ ತೆಗೆಯೋಣ ಅಂತ ಪಾಸ್‌ಬುಕ್ ತೆರೆದರೆ ಎದೆ ಧಸಕ್ ಅಂತು. ಕೊನೆಯ 14 ತಿಂಗಳು ಖಾಲಿ! ಆ ಅಷ್ಟೂ ತಿಂಗಳ ಸಂಬಳದ ಚೀಟಿಗಳು ನನ್ನ ಹತ್ತಿರ ಇವೆ. ಪ್ರತಿಯೊಂದರಲ್ಲೂ ಪಿಎಫ್ ಕಡಿತದ ಮೊತ್ತ ನಮೂದಾಗಿದೆ.

ಎಚ್‌ಆರ್‌ನವರನ್ನು ಯಾವಾಗ ಕೇಳಿದರೂ ಒಂದೇ ಉತ್ತರ: 'ಕಂಪನಿ ಲಾಸ್‌ನಲ್ಲಿದೆ, ಸ್ವಲ್ಪ ತಡ್ಕೊಳ್ಳಿ.' ಸಂಬಳ ತಡವಾಯಿತು ಅಂದರೆ ಕಂಪನಿಗೆ ಕಷ್ಟ ಇರಬಹುದು ಅಂತ ಸುಮ್ಮನಾಗಬಹುದು. ಪಿಎಫ್ ಲೆಕ್ಕವೇ ಬೇರೆ. ಅದು ನನ್ನ ಮೂಲ ವೇತನ ಮತ್ತು ತುಟ್ಟಿಭತ್ಯೆಯಲ್ಲಿ (ಡಿಎ) ಶೇ 12ರಷ್ಟನ್ನು ಹಿಡಿದ ಹಣ. ಅಷ್ಟನ್ನೇ ಮಾಲೀಕರೂ ಸೇರಿಸಿ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ನೌಕರನ ಪಾಲು ಹಿಡಿದು ಕಟ್ಟದೆ ಇಟ್ಟುಕೊಂಡರೆ ಕಾನೂನಿನ ಕಣ್ಣಲ್ಲಿ ಅದು ಕ್ರಿಮಿನಲ್ ನಂಬಿಕೆದ್ರೋಹ. 2016ರ ದಿವಾಳಿ ಕಾನೂನು ಕೂಡ ನೌಕರರ ಪಿಎಫ್ ಬಾಕಿಯನ್ನು ಸಾಲ ಕೊಟ್ಟವರಿಗೆ ಹಂಚಲು ಬಿಡುವುದಿಲ್ಲ. ಹಾಗಿರುವಾಗ ಲಾಸ್ ಅನ್ನುವುದು ಯಾವ ಸೀಮೆಯ ಉತ್ತರ?

ಬಾಕಿ ಕೇಳಲು ಹೋದ ದಿನ ಮೇಜಿನ ಮೇಲೆ ಒಂದು ಹಾಳೆ ಇಟ್ಟರು. 'ಕಂಪನಿಯಿಂದ ನನಗೆ ಬರಬೇಕಾದದ್ದು ಏನೂ ಉಳಿದಿಲ್ಲ' ಅಂತ ಟೈಪ್ ಆಗಿತ್ತು. ಕೆಳಗೆ ರೆವಿನ್ಯೂ ಸ್ಟಾಂಪ್ ಅಂಟಿಸಿ ರೆಡಿ ಇತ್ತು. ಸಹಿ ಹಾಕಿದರೆ ಒಂದು ತಿಂಗಳ ಸಂಬಳದ ಚೆಕ್ ಈಗಲೇ ಕೊಡ್ತೀವಿ ಅಂದರು. ತಲೆಯಲ್ಲಿ ಮನೆ ಬಾಡಿಗೆ ಇತ್ತು. ಪೆನ್ನು ಕೈಗೆ ತಗೊಂಡೂ ಆಗಿತ್ತು. ಆದರೆ ಕೆಳಗಿಟ್ಟು ಬಂದೆ. ನನ್ನ ಜೊತೆಗೆ ಬಿಟ್ಟವರಲ್ಲಿ ಕೆಲವರು ಸಹಿ ಹಾಕಿದರು. ಅವರದ್ದು ತಪ್ಪು ಅನ್ನಲಾರೆ. ಕೈ ಖಾಲಿ ಇದ್ದಾಗ ಸಿಕ್ಕಿದ್ದೇ ಸಾಕು ಅನ್ನಿಸುತ್ತದೆ ಅಲ್ವಾ?

ಆಮೇಲೆ ಪಿಎಫ್ ಕಚೇರಿಗೆ ಆನ್‌ಲೈನ್‌ನಲ್ಲಿ ದೂರು ಕೊಟ್ಟೆ. ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಪಾಸ್‌ಬುಕ್ಕಿನ ಖಾಲಿ ಪುಟ ಎಲ್ಲವನ್ನೂ ಲಗತ್ತಿಸಿದೆ. ವಿಚಾರಣೆ ಶುರುವಾದ ಮೇಲೆ 9 ತಿಂಗಳ ಹಣ ಜಮಾ ಆಯಿತು. ಉಳಿದ 5 ತಿಂಗಳದ್ದು ಇನ್ನೂ ಬಂದಿಲ್ಲ. ಸಂಬಳದ ಬಾಕಿಗೆ ಕಾರ್ಮಿಕ ಇಲಾಖೆಯಲ್ಲಿ ಬೇರೆ ಅರ್ಜಿ, ಬೇರೆ ಓಡಾಟ. ಹೊಸ ಕೆಲಸದಲ್ಲಿ ರಜೆ ಕೇಳಿ ಕೇಳಿ ಸಾಕಾಗಿದೆ.

ಯಾವ ಕಂಪನಿ ಯಾವ ತಿಂಗಳು ಕಟ್ಟಿಲ್ಲ ಅನ್ನುವುದು ಪಿಎಫ್ ಕಚೇರಿಯ ಕಂಪ್ಯೂಟರ್‌ನಲ್ಲೇ ಗೊತ್ತಾಗುತ್ತದೆ. ಎರಡನೇ ತಿಂಗಳು ತಪ್ಪಿದಾಗಲೇ ಅವರೇ ಮುಂದಾಗಿ ಮಾಲೀಕರನ್ನು ಕರೆಸಿ ಕೇಳಲಿ. ಕೆಲಸ ಬಿಟ್ಟವರು ಬಂದು ಹೇಳುವ ತನಕ ಯಾಕೆ ಕಾಯಬೇಕು?

ಕೆಲಸದಲ್ಲಿರುವ ಓದುಗರಲ್ಲಿ ಒಂದು ಮನವಿ. ಸಂಬಳದ ಚೀಟಿಗಳನ್ನು ಆಫೀಸ್ ಮೇಲ್‌ನಲ್ಲೇ ಬಿಡಬೇಡಿ. ನಾನು ಬಿಟ್ಟ ದಿನ ಸಂಜೆಯೇ ನನ್ನ ಮೇಲ್ ಬಂದ್ ಮಾಡಿದ್ದರು. ಅವನ್ನು ಮೊದಲೇ ಫೋನಿಗೆ ಇಳಿಸಿಕೊಂಡಿದ್ದಕ್ಕೆ ನನ್ನ ದೂರಿಗೆ ಬಲ ಬಂತು.

— ನೊಂದ ನೌಕರ