ಆ ಫೋಟೊದಲ್ಲಿರುವುದು ಗೆರ್ಡ್ ಮುಲ್ಲರ್

ಗೆಳೆಯರೇ, ನಿನ್ನೆ ಗುಂಪಿಗೆ ಬಂದ ಹಳೇ ಫೋಟೊ ಥಾಮಸ್ ಮುಲ್ಲರ್ ಅವರದ್ದಲ್ಲ, ಗೆರ್ಡ್ ಮುಲ್ಲರ್ ಅವರದ್ದು. ಇಬ್ಬರೂ ಜರ್ಮನಿಯ ಫುಟ್‌ಬಾಲ್ ಕ್ಲಬ್ ಬಯರ್ನ್ ಮ್ಯೂನಿಕ್‌ಗೆ ಆಡಿದವರೇ, ಆದರೆ ಸಂಬಂಧಿಕರಲ್ಲ. ಫಾರ್ವರ್ಡ್ ಮಾಡಿದವರು ದಯವಿಟ್ಟು ಸರಿಪಡಿಸಿ.

ಗೆರ್ಡ್ ಹುಟ್ಟಿದ್ದು 1945ರಲ್ಲಿ, ನೋರ್ಡ್‌ಲಿಂಗನ್ ಅನ್ನೋ ಸಣ್ಣ ಊರಲ್ಲಿ. ಗಿಡ್ಡ ಆಳು, ದಪ್ಪ ತೊಡೆ. ಜರ್ಮನಿಯ ಲೀಗ್ ಬುಂಡೆಸ್‌ಲಿಗಾದಲ್ಲಿ 427 ಪಂದ್ಯ, 365 ಗೋಲು. ಪಶ್ಚಿಮ ಜರ್ಮನಿಗೆ 62 ಪಂದ್ಯದಲ್ಲಿ 68, ಅಂದರೆ ಪಂದ್ಯಕ್ಕೆ ಒಂದಕ್ಕಿಂತ ಜಾಸ್ತಿ!

1974ರ ವಿಶ್ವಕಪ್ ಫೈನಲ್‌ನ 43ನೇ ನಿಮಿಷದ ವಿಡಿಯೊ ಹುಡುಕಿ ನೋಡಿ. ಜೊತೆ ಆಟಗಾರ ಬಾನ್‌ಹಾಫ್ ಬಲಗಡೆಯಿಂದ ಕೊಟ್ಟ ಚೆಂಡು ಮುಲ್ಲರ್ ಕಾಲಿಗೆ ತಾಗಿ ಹಿಂದಕ್ಕೆ ಹೋಗುತ್ತೆ, ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಮುಗೀತು, ಇವರು ಒಂದು ಹೆಜ್ಜೆ ಹಿಂದೆ ಸರಿದು, ಗಿರಕ್ಕನೆ ತಿರುಗಿ, ನೆಲಕ್ಕೇ ಒತ್ತಿದ ಹಾಗೆ ಹೊಡೀತಾರೆ. ಎದುರಾಳಿ ನೆದರ್‌ಲೆಂಡ್ಸ್‌ನ ಗೋಲ್‌ಕೀಪರ್ ನಿಂತಲ್ಲೇ ನಿಂತರು. ಕಪ್ ಬಂದಿದ್ದು ಆ ಗೋಲಿನಿಂದ.

ಆಟ ಬಿಟ್ಟ ಮೇಲೆ ಕುಡಿತಕ್ಕೆ ಬಿದ್ದರು. ಹಳೇ ಜೊತೆಗಾರರು ಕೈಬಿಡಲಿಲ್ಲ, ಚಿಕಿತ್ಸೆಗೆ ಕಳಿಸಿದರು, ಬಯರ್ನ್‌ನಲ್ಲೇ ಕೋಚಿಂಗ್ ಕೆಲಸವೂ ಸಿಕ್ಕಿತು. ನನಗೆ ಆ ಗೋಲಿನಷ್ಟೇ ಇದೂ ದೊಡ್ಡದು. ಕೊನೆಗೆ ಮರೆವಿನ ಕಾಯಿಲೆ ಬಂತು, 2021ರ ಆಗಸ್ಟ್‌ನಲ್ಲಿ ತೀರಿಕೊಂಡರು.

ವಿಡಿಯೊ ನೋಡಿದವರು ಹೇಗನಿಸಿತು ಅಂತ ಇಲ್ಲೇ ಬರೆಯಿರಿ.