ಕಾರಿನ ಹಳೆ ಆಯಿಲ್ ಎಲ್ಲಿ ಕೊಡೋದು?

ಸಂಪಾದಕರೇ,

ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಪುಟ್ಟ ಯಂತ್ರ) ಇರುವ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನಂಥ ಕಾರಿನ ಆಯಿಲ್ ಮನೆಯಲ್ಲೇ ಬದಲಿಸುತ್ತೇನೆ ಅಂದರೆ ಜನ ವಿಚಿತ್ರವಾಗಿ ನೋಡುತ್ತಾರೆ. ಗ್ಯಾರೇಜಿನವರ ಕೆಲಸ ನಿನಗ್ಯಾಕಪ್ಪ ಅಂತ. ದುಡ್ಡು ಉಳಿಸೋಕಲ್ಲ. ಬ್ಯಾರೆಲ್‌ನಿಂದ ಹಾಕಿದ ಆಯಿಲ್ ಯಾವುದು ಅಂತ ಕೇಳಿದರೆ ಸರ್ವೀಸ್ ಸೆಂಟರಿನಲ್ಲಿ ಸರಿಯಾದ ಉತ್ತರ ಸಿಗಲಿಲ್ಲ, ಅಷ್ಟೇ. ಟರ್ಬೊ ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಅದರ ಬೇರಿಂಗ್ ನಿಂತಿರೋದೇ ತೆಳುವಾದ ಆಯಿಲ್ ಪದರದ ಮೇಲೆ, ಹಾಗಾಗಿ ಡಬ್ಬಿಯ ಮೇಲೆ 5ಡಬ್ಲ್ಯು-40 ಅಂತ (ಆಯಿಲ್ ಎಷ್ಟು ಮಂದ ಅನ್ನೋ ಗ್ರೇಡ್) ಇದ್ದರೆ ಸಾಲದು, ಹಿಂದುಗಡೆ ಕಾರು ಕಂಪನಿಯ ಒಪ್ಪಿಗೆ ಸಂಖ್ಯೆಯನ್ನೂ (ಫೋಕ್ಸ್‌ವ್ಯಾಗನ್ 502 00 ಥರದ್ದು) ನಿಮ್ಮ ಕಾರಿನ ಮ್ಯಾನ್ಯುಯಲ್ ಜೊತೆ ತಾಳೆ ನೋಡಿಯೇ ಕೊಳ್ಳಬೇಕು.

ಕೆಲಸ ಕಷ್ಟವಲ್ಲ. ಎಂಜಿನ್ ಸ್ವಲ್ಪ ಬೆಚ್ಚಗಿರಲಿ. ಬರೀ ಜಾಕ್ ನಂಬಿ ಕಾರಿನಡಿ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ಫಿಲ್ಟರ್, ವಾಷರ್ ಹೊಸದು ಹಾಕಿ. ಆಯಿಲ್ ಇಳಿಸುವ ಪ್ಲಗ್ಗನ್ನು ಕೈಬಲದಿಂದ ಸಿಕ್ಕಾಪಟ್ಟೆ ಬಿಗಿದರೆ ಎಂಜಿನ್ ಅಡಿಯ ಆಯಿಲ್ ಸಂಪ್‌ನ ಥ್ರೆಡ್ಡೇ ಹೋಗುತ್ತದೆ.

ತಲೆನೋವು ಇರೋದು ಆಮೇಲೆ. ಇಳಿಸಿದ 5 ಲೀಟರಿಗೂ ಜಾಸ್ತಿ ಕಪ್ಪು ಆಯಿಲ್ ಎಲ್ಲಿ ಕೊಡೋದು? ಕೇಂದ್ರದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಕಸದ ಆಟೊದವರು ತಗೊಳ್ಳಲ್ಲ, ತಗೊಳ್ಳಲೂಬಾರದು. ಪರವಾನಗಿ ಇರುವ ರೀಸೈಕ್ಲರ್‌ಗಳಿಗೆ ನಮ್ಮ ಒಂದು ಕ್ಯಾನ್ ಲೆಕ್ಕಕ್ಕೇ ಇಲ್ಲ. ಹೀಗಾಗಿ ಕೆಲವರು ಸುಮ್ನೆ ಮೋರಿಗೆ ಸುರಿದುಬಿಡುತ್ತಾರೆ, ಅದು ರಾಜಕಾಲುವೆ ಹಿಡಿದು ಕೆರೆಗೇ ಹೋಗೋದು ಅಲ್ವಾ? ದೊಡ್ಡ ಪೆಟ್ರೋಲ್ ಬಂಕ್‌ಗಳಲ್ಲಿ ಒಂದೊಂದು ಡ್ರಮ್ ಇಡಿಸಿ, ವಾರಕ್ಕೊಮ್ಮೆ ರೀಸೈಕ್ಲರ್‌ಗೆ ಕಳಿಸುವ ಏರ್ಪಾಡನ್ನು ಮಾಲಿನ್ಯ ನಿಯಂತ್ರಣ ಮಂಡಳಿ ಮಾಡಲಿ.

– ಒಬ್ಬ ಓದುಗ, ಬೆಂಗಳೂರು